ಹೆಡ್‌ಫೋನೂ ಅದರ ಜೊತೆಗಾರನೂ

ನಿಮ್ಮ ಮೇಜಿನ ಮೇಲೆ ಎರಡು ಹೆಡ್‌ಫೋನುಗಳಿವೆ ಎಂದುಕೊಳ್ಳಿ. ನೋಡಲು ಎರಡೂ ಒಂದೇ ಬಗೆ. ಒಂದರ ಮೇಲೆ 32 ಓಮ್ ಎಂದೂ ಇನ್ನೊಂದರ ಮೇಲೆ 300 ಓಮ್ ಎಂದೂ ಅಚ್ಚಾಗಿದೆ. ಮೊದಲನೆಯದನ್ನು ಮೊಬೈಲ್ ಫೋನಿಗೆ ಸಿಕ್ಕಿಸಿದರೆ ಮೃದಂಗದವರು ಎದುರಿಗೇ ಕುಳಿತು ನುಡಿಸಿದಂತೆ ಕೇಳುತ್ತದೆ. ಬೆಲೆಯಲ್ಲಿ ಅದರ ಎಷ್ಟೋ ಪಟ್ಟು ಹೆಚ್ಚಾದ ಎರಡನೆಯದನ್ನು ಅದೇ ಫೋನಿಗೆ ಸಿಕ್ಕಿಸಿದರೆ, ಕಚೇರಿ ಎಲ್ಲೋ ಮೂರು ಮನೆಗಳಾಚೆ ನಡೆಯುತ್ತಿರುವಂತೆ ಕ್ಷೀಣವಾಗಿ ಕೇಳುತ್ತದೆ. “ಇಷ್ಟು ದುಡ್ಡು ಸುರಿದು ತಂದದ್ದು ಇದಕ್ಕೇನೆ?” ಎಂದು ಮನೆಯವರು ಕೇಳಿದರೆ ಏನು ಉತ್ತರ ಹೇಳುವಿರಿ?

ಹೆಡ್‌ಫೋನು ಕೆಟ್ಟಿಲ್ಲ. ಅದಕ್ಕೆ ತಕ್ಕ ಜೊತೆಗಾರ ಸಿಕ್ಕಿಲ್ಲ, ಅಷ್ಟೆ. ಆ ಜೊತೆಗಾರನೇ ಆಂಪ್ಲಿಫೈಯರ್. ಯಾವ ಹೆಡ್‌ಫೋನಿಗೆ ಯಾವ ಆಂಪ್ಲಿಫೈಯರ್ ಹೊಂದುತ್ತದೆ ಎಂಬ ಪ್ರಶ್ನೆ ಇಂದಿನದಲ್ಲ, ರೇಡಿಯೋವಿನಷ್ಟೇ ಹಳೆಯದು. ಅದರ ಚರಿತ್ರೆಯನ್ನು ಸ್ವಲ್ಪ ತಿಳಿದುಕೊಂಡರೆ, ಅಂಗಡಿಯವನ ಮಾತಿಗೆ ಮರುಳಾಗಿ ಹಣ ಕಳೆಯುವುದೂ ತಪ್ಪುತ್ತದೆ, ಕಿವಿಯನ್ನು ಕೆಡಿಸಿಕೊಳ್ಳುವುದೂ ತಪ್ಪುತ್ತದೆ.

ಮೊದಲು ಆ ಓಮ್ ಎಂಬ ಸಂಖ್ಯೆಯ ಅರ್ಥವೇನೆಂದು ನೋಡೋಣ. ನಿಮ್ಮ ಮಾಳಿಗೆಯ ಮೇಲೆ ನೀರಿನ ತೊಟ್ಟಿ ಇದೆ. ತೊಟ್ಟಿ ಎತ್ತರದಲ್ಲಿದ್ದಷ್ಟೂ ನೀರಿನ ಒತ್ತಡ ಹೆಚ್ಚು. ಕೊಳವೆ ಸಣ್ಣದಾದಷ್ಟೂ ಅದರಲ್ಲಿ ಹರಿಯುವ ನೀರು ಕಡಮೆ. ವಿದ್ಯುತ್ತಿನಲ್ಲಿ ಈ ಒತ್ತಡಕ್ಕೆ ವೋಲ್ಟೇಜ್ ಎಂದೂ, ಹರಿಯುವ ಧಾರೆಗೆ ಪ್ರವಾಹ ಎಂದೂ, ಕೊಳವೆಯೊಡ್ಡುವ ತಡೆಗೆ ರೋಧ ಎಂದೂ ಹೆಸರು. ಸಂಗೀತದ ಹಾಗೆ ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುವ ಪ್ರವಾಹಕ್ಕೆ ಸುರುಳಿಯೊಂದು ಒಡ್ಡುವ ಒಟ್ಟು ತಡೆಯೇ ಇಂಪೀಡೆನ್ಸ್. ಈ ಪದವನ್ನು ಬಳಕೆಗೆ ತಂದವನು ಇಂಗ್ಲೆಂಡಿನ ಆಲಿವರ್ ಹೆವಿಸೈಡ್, 1886ರಲ್ಲಿ. 32 ಓಮ್‌ನ ಹೆಡ್‌ಫೋನು ದಪ್ಪ ಕೊಳವೆ. 300 ಓಮ್‌ನದು ಸಣ್ಣ ಕೊಳವೆ. ಒಂದು ವೋಲ್ಟ್ ಒತ್ತಡದಲ್ಲಿ ಮೊದಲನೆಯದಕ್ಕೆ ಸುಮಾರು 31 ಮಿಲಿವ್ಯಾಟ್ ಶಕ್ತಿ ಸಿಕ್ಕಿದರೆ, ಎರಡನೆಯದಕ್ಕೆ ಸಿಕ್ಕುವುದು 3.3 ಮಿಲಿವ್ಯಾಟ್ ಮಾತ್ರ. ಮೊಬೈಲಿನ ತೊಟ್ಟಿಯ ಎತ್ತರ ಸಾಲದೆ ಹೋದದ್ದು ಹೀಗೆ.

ಹಾಗಾದರೆ ಸಣ್ಣ ಕೊಳವೆಯ ಹೆಡ್‌ಫೋನನ್ನು ಜನ ಏಕಾದರೂ ಮಾಡಿದರು? ಇದಕ್ಕೆ ನಾವು ಹಿಂದಿನ ಶತಮಾನಗಳಿಗೆ ಹೋಗಬೇಕು.

1876ರಲ್ಲಿ ಗ್ರಹಾಂ ಬೆಲ್‌ನ ಟೆಲಿಫೋನು ಬಂತು. ಐದೇ ವರ್ಷಗಳ ತರುವಾಯ, 1881ರ ಪ್ಯಾರಿಸ್ ವಿದ್ಯುತ್ ಪ್ರದರ್ಶನದಲ್ಲಿ, ಕ್ಲೆಮಾನ್ ಆದೆರ್ ಎಂಬಾತ ಆಪೆರಾ ರಂಗಮಂದಿರದ ಸಂಗೀತವನ್ನು ತಂತಿಯ ಮೂಲಕ ತಂದು ಪ್ರೇಕ್ಷಕರ ಎರಡು ಕಿವಿಗಳಿಗೂ ಬೇರೆ ಬೇರೆಯಾಗಿ ಕೇಳಿಸಿದ. 1891ರಲ್ಲಿ ಫ್ರಾನ್ಸಿನ ಅರ್ನೆಸ್ಟ್ ಮರ್ಕಾದಿಯೆ ಕಿವಿಯೊಳಗೇ ಇಟ್ಟುಕೊಳ್ಳುವ ಹಗುರವಾದ ಜೋಡಿ ರಿಸೀವರ್‌ಗೆ ಪೇಟೆಂಟ್ ಪಡೆದ. ತಲೆಯ ಮೇಲೆ ಪಟ್ಟಿ ಹಾಯಿಸಿದ, ಕೆಲಸಕ್ಕೆ ನಿಜವಾಗಿ ಒದಗುವ ಹೆಡ್‌ಫೋನನ್ನು 1910ರಲ್ಲಿ ಅಮೆರಿಕದ ಯೂಟಾ ಪ್ರಾಂತದ ನೆಥಾನಿಯಲ್ ಬಾಲ್ಡ್‌ವಿನ್ ಮಾಡಿ ನೌಕಾದಳಕ್ಕೆ ಕಳುಹಿಸಿದ. ನೌಕಾದಳದವರು ಮೆಚ್ಚಿ ಬೇಡಿಕೆ ಕಳುಹಿಸಿದಾಗ, ಒಂದು ಸಲಕ್ಕೆ ಹತ್ತಕ್ಕಿಂತ ಹೆಚ್ಚು ಕೊಡಲಾಗದು ಎಂದನಂತೆ. ಆತ ಅವನ್ನು ಮಾಡುತ್ತಿದ್ದುದು ತನ್ನ ಮನೆಯ ಅಡಿಗೆಮನೆಯಲ್ಲಿ!

ಅದೇ ಕಾಲಕ್ಕೆ ಕ್ರಿಸ್ಟಲ್ ರೇಡಿಯೋ ಹುಟ್ಟಿತು. ಸೀಸದ ಅದಿರಾದ ಗ್ಯಾಲೀನ ಹರಳು ರೇಡಿಯೋ ಅಲೆಗಳನ್ನು ಹಿಡಿಯಬಲ್ಲದೆಂದು ತೋರಿಸಿ 1904ರಲ್ಲಿ ಅಮೆರಿಕದ ಪೇಟೆಂಟ್ ಪಡೆದವರು ನಮ್ಮ ಆಚಾರ್ಯ ಜಗದೀಶಚಂದ್ರ ಬೋಸರು. ಮುಂದೆ ಇಂಥ ಹರಳಿನ ಮೇಲೆ ಕೂದಲೆಳೆಯಂಥ ತಂತಿಯ ಮೊನೆಯನ್ನು ತಾಗಿಸಿ ಲಕ್ಷಾಂತರ ಜನ ಮನೆಯಲ್ಲೇ ರೇಡಿಯೋ ಕೇಳಿದರು. ಈ ಸೆಟ್ಟಿಗೆ ಬ್ಯಾಟರಿ ಇಲ್ಲ, ಮನೆಯ ವಿದ್ಯುತ್ ಬೇಡ. ಆಕಾಶದಿಂದ ಏರಿಯಲ್ ತಂತಿಗೆ ಬಂದು ಬಿದ್ದ ಅಲ್ಪ ಶಕ್ತಿಯೇ ಹಾಡಾಗಬೇಕು. ಒಂದು ಕಾಸೂ ಪೋಲಾಗಬಾರದ ಬಡವನ ಸಂಸಾರ ಅದು.

ಹರಳು ಕೊಡುವ ಪ್ರವಾಹ ಅತ್ಯಲ್ಪ. ಆದರೆ ಸುರುಳಿಯ ಅಯಸ್ಕಾಂತ ಬಲವು ಪ್ರವಾಹವನ್ನೂ ಸುತ್ತುಗಳ ಸಂಖ್ಯೆಯನ್ನೂ ಗುಣಿಸಿದಷ್ಟು. ಪ್ರವಾಹ ಕಡಮೆಯಾದರೆ ಸುತ್ತುಗಳನ್ನು ಹೆಚ್ಚಿಸಬೇಕು. ಹೀಗಾಗಿ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿ ಒಂದೊಂದು ಕಿವಿಗೆ 1,000 ಇಲ್ಲವೆ 2,000 ಓಮ್‌ನ ಹೆಡ್‌ಫೋನುಗಳನ್ನು ಮಾಡಿದರು. ಹೆಚ್ಚು ಇಂಪೀಡೆನ್ಸಿನ ಹೆಡ್‌ಫೋನು ಹುಟ್ಟಿದ್ದು ಶೋಕಿಗಲ್ಲ, ಮಿತವ್ಯಯಕ್ಕೆ. ಇಲ್ಲೊಂದು ಸೂಕ್ಷ್ಮವಿದೆ. ಅಂದಿನ ಹೆಡ್‌ಫೋನುಗಳ ಮೇಲೆ ಬರೆದದ್ದು ತಂತಿಯ ನೇರ ರೋಧ ಮಾತ್ರ. ಸಂಗೀತದ ಸ್ವರಗಳಿಗೆ ಅವು ಒಡ್ಡುತ್ತಿದ್ದ ತಡೆ ಅದಕ್ಕಿಂತ ಎಷ್ಟೋ ಹೆಚ್ಚು. ಆದುದರಿಂದ ಅಜ್ಜನ ಕಾಲದ 2,000 ಓಮ್ ಮತ್ತು ಇಂದಿನ 600 ಓಮ್‌ಗಳನ್ನು ಒಂದೇ ಕೊಳಗದಲ್ಲಿ ಅಳೆಯುವಂತಿಲ್ಲ.

ನಮ್ಮ ದೇಶದಲ್ಲಿ 1927ರ ಜುಲೈ 23ರಂದು ಮುಂಬಯಿಯಲ್ಲೂ ಮುಂದಿನ ತಿಂಗಳು ಕಲಕತ್ತೆಯಲ್ಲೂ ಕ್ರಮಬದ್ಧ ಪ್ರಸಾರ ಆರಂಭವಾದಾಗ, ಒಂದೂವರೆ ಕಿಲೋವ್ಯಾಟಿನ ಆ ಕೇಂದ್ರಗಳು ಕ್ರಿಸ್ಟಲ್ ಸೆಟ್ಟಿಗೆ ಮುಟ್ಟುತ್ತಿದ್ದುದು ಸುಮಾರು 30 ಮೈಲಿಯವರೆಗೆ. ಆ ಸೆಟ್ಟಿದ್ದವರೆಲ್ಲ ಹೆಡ್‌ಫೋನಿನಲ್ಲೇ ಕೇಳಬೇಕು. ಒಂದು ಜೊತೆ ಹೆಡ್‌ಫೋನಿದ್ದ ಮನೆಯಲ್ಲಿ ಅದು ಯಾರ ಕಿವಿಗೆ ಮೊದಲು ಎಂಬ ಜಗಳ ನಡೆದಿರಬೇಕೆಂದು ಊಹಿಸುವುದು ಕಷ್ಟವಲ್ಲ. ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಿಂದ 30 ವ್ಯಾಟಿನ ಯಂತ್ರದ ಮೂಲಕ ಪ್ರಸಾರ ಆರಂಭಿಸುವ ಹೊತ್ತಿಗೆ ಕಾಲ ಬದಲಾಗಿತ್ತು.

ಬದಲಾಯಿಸಿದ್ದು ವಾಲ್ವ್. ಲೀ ಡಿ ಫಾರೆಸ್ಟ್ 1906ರಲ್ಲಿ ರೂಪಿಸಿದ ಆಡಿಯಾನ್ ಎಂಬ ವಾಲ್ವ್, ಕ್ಷೀಣ ಸಂಕೇತವನ್ನು ಹಿಗ್ಗಿಸುವ ದಾರಿ ತೆರೆಯಿತು. 1925ರಲ್ಲಿ ರೈಸ್ ಮತ್ತು ಕೆಲಾಗ್ ಎಂಬ ಅಮೆರಿಕದ ಎಂಜಿನಿಯರುಗಳು ಚಲಿಸುವ ಸುರುಳಿಯ ಲೌಡ್‌ಸ್ಪೀಕರನ್ನು ವಿವರಿಸಿದರು. ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಕೇಳುವಂತಾಯಿತು. ಹೆಡ್‌ಫೋನು ಅಟ್ಟ ಸೇರಿತು. ಆದರೆ ಜೊತೆ ಹೊಂದಿಸುವ ಕಷ್ಟ ತಪ್ಪಲಿಲ್ಲ. ವಾಲ್ವಿನ ಸ್ವಭಾವ ಹೆಚ್ಚು ವೋಲ್ಟೇಜು, ಕಡಮೆ ಪ್ರವಾಹ. ಲೌಡ್‌ಸ್ಪೀಕರಿನ ಬಯಕೆ ಇದಕ್ಕೆ ತದ್ವಿರುದ್ಧ. ಅದು ಕೆಲವೇ ಓಮ್‌ನದು. ಇವರಿಬ್ಬರ ನಡುವೆ ಸಂಧಾನಕ್ಕೆ ಬಂದದ್ದು ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಹಳೆಯ ವಾಲ್ವ್ ರೇಡಿಯೋ ನಿಮ್ಮಲ್ಲಿದ್ದರೆ ಅದರೊಳಗಿನ ಭಾರದಲ್ಲಿ ಒಂದು ಪಾಲು ಇದರದೇ.

ಹೆಡ್‌ಫೋನು ಮತ್ತೆ ಅಟ್ಟದಿಂದಿಳಿದದ್ದು ಹೊಸ ಅವತಾರದಲ್ಲಿ. 1937ರಲ್ಲಿ ಜರ್ಮನಿಯ ಬೈಯರ್ ಸಂಸ್ಥೆ, ಲೌಡ್‌ಸ್ಪೀಕರಿನ ತತ್ತ್ವವನ್ನೇ ಕಿರಿದುಮಾಡಿ ಡಿಟಿ 48 ಎಂಬ ಹೆಡ್‌ಫೋನನ್ನು ಹೊರತಂದಿತು. 1958ರಲ್ಲಿ ಅಮೆರಿಕದ ಮಿಲ್ವಾಕಿಯ ಜಾನ್ ಕಾಸ್ ಸ್ಟೀರಿಯೋ ಸಂಗೀತಕ್ಕೆಂದೇ ಹೆಡ್‌ಫೋನು ತಂದು ಮನೆಯ ಕೇಳುಗರನ್ನು ಗೆದ್ದ. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಸಂಸ್ಥೆಯ ಎಚ್‌ಡಿ 414 ಬಂತು. ಹಳದಿ ಸ್ಪಂಜಿನ ಮೆತ್ತೆಯ, ಹಿಂಭಾಗ ತೆರೆದ ಆ ಹಗುರ ಹೆಡ್‌ಫೋನಿನ ಇಂಪೀಡೆನ್ಸ್ 2,000 ಓಮ್!

ಬಡತನದ ಕ್ರಿಸ್ಟಲ್ ಸೆಟ್ಟು ಮರೆಯಾದ ಮೇಲೂ ಇಷ್ಟು ಓಮ್ ಏಕೆ? ಸ್ಟುಡಿಯೋಗಳಲ್ಲಿ 600 ಓಮ್‌ನ ತಂತಿ ಜೋಡಣೆ ರೂಢಿಯಲ್ಲಿತ್ತು. ಹೆಚ್ಚು ಇಂಪೀಡೆನ್ಸಿನ ಹೆಡ್‌ಫೋನನ್ನು ಅದಕ್ಕೆ ತಗುಲಿಸಿ ಕೇಳಿದರೆ ಕಾರ್ಯಕ್ರಮದ ಸಂಕೇತ ಹೆಚ್ಚೇನೂ ಕುಗ್ಗುವುದಿಲ್ಲ. ಮನೆಯ ದೊಡ್ಡ ಆಂಪ್ಲಿಫೈಯರುಗಳಲ್ಲೋ, ಲೌಡ್‌ಸ್ಪೀಕರಿನ ಕವಲಿಗೇ ನೂರಾರು ಓಮ್‌ನ ರೋಧಕವೊಂದನ್ನು ಸೇರಿಸಿ ಹೆಡ್‌ಫೋನಿನ ತೂತು ಕೊಡುತ್ತಿದ್ದರು. ಅಂಥ ಕಡೆ ಹೆಚ್ಚು ಓಮ್‌ನವು ನೆಮ್ಮದಿಯಾಗಿ ಹಾಡುತ್ತಿದ್ದವು.

ಚಕ್ರ ತಿರುಗಿಸಿದ್ದು 1979ರ ಜುಲೈನಲ್ಲಿ ಜಪಾನಿನ ಸೋನಿ ಸಂಸ್ಥೆ ತಂದ ವಾಕ್‌ಮನ್. ಎರಡು ಪುಟ್ಟ ಬ್ಯಾಟರಿಗಳ 3 ವೋಲ್ಟಿನಲ್ಲಿ ಅದರ ಸಂಸಾರ. ತೊಟ್ಟಿ ತಗ್ಗಿದ ಮೇಲೆ ಕೊಳವೆ ದಪ್ಪವಾಗಲೇಬೇಕಲ್ಲ! ಕಡಮೆ ಓಮ್‌ನ ಹೆಡ್‌ಫೋನುಗಳು ಜಗತ್ತನ್ನೆಲ್ಲ ಹಬ್ಬಿದವು. ಮೊಬೈಲ್ ಫೋನು ಅದೇ ವಂಶದ ಕುಡಿ. ಆದರೆ ಸಂಗೀತವನ್ನು ಸೂಕ್ಷ್ಮವಾಗಿ ಕೇಳುವವರಿಗಾಗಿ ಹಳೆಯ ದಾರಿಯೂ ಮುಂದುವರಿಯಿತು. ಸೆನ್‌ಹೈಸರಿನ ಎಚ್‌ಡಿ 600 ಬಂದದ್ದು 1997ರಲ್ಲಿ, ಎಚ್‌ಡಿ 650 ಬಂದದ್ದು 2003ರಲ್ಲಿ, ಎಚ್‌ಡಿ 800 ಬಂದದ್ದು 2009ರಲ್ಲಿ. ಮೂರೂ 300 ಓಮ್‌ನವು. ಬೈಯರ್‌ಡೈನಾಮಿಕ್ ಡಿಟಿ 880 ಎಂಬುದು 32, 250, 600 ಓಮ್ ಎಂಬ ಮೂರು ಬಗೆಯಲ್ಲಿ ಬಂತು. ಇವುಗಳಿಗಾಗಿ ಬೇರೆಯೇ ಆಂಪ್ಲಿಫೈಯರುಗಳು ಹುಟ್ಟಿಕೊಂಡವು.

ಈ ಚರಿತ್ರೆಯಿಂದ ನಾವು ಕಲಿಯುವ ಪಾಠವಿಷ್ಟು: ಓಮ್ ಎಂಬುದು ಗುಣದ ಅಂಕವಲ್ಲ. ಆ ಹೆಡ್‌ಫೋನು ಎಂಥ ಜೊತೆಗಾರನನ್ನು ನೆನೆದು ಹುಟ್ಟಿತು ಎಂಬುದರ ಗುರುತು. 600 ಓಮ್‌ನದು 32 ಓಮ್‌ನದಕ್ಕಿಂತ ಮೇಲು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು ಆಂಪ್ಲಿಫೈಯರನ್ನು ಆರಿಸುವ ಮಾತು. ಮೊದಲು ಕೇಳಬೇಕಾದದ್ದು ಎಷ್ಟು ವ್ಯಾಟ್ ಎಂದಲ್ಲ. ನನ್ನ ಹೆಡ್‌ಫೋನಿನ ಓಮ್‌ಗೆ ಎಷ್ಟು ವೋಲ್ಟ್ ಎಂದು. ಒಂದು ಮಿಲಿವ್ಯಾಟ್ ಶಕ್ತಿ ಸಲ್ಲಲು 32 ಓಮ್‌ಗೆ 0.18 ವೋಲ್ಟ್, 300 ಓಮ್‌ಗೆ 0.55 ವೋಲ್ಟ್, 600 ಓಮ್‌ಗೆ 0.77 ವೋಲ್ಟ್ ಬೇಕು. ಸಾಧಾರಣವಾಗಿ ಕೇಳಲು ಇಷ್ಟು ಸಾಕು. ಆದರೆ ಮೆಲ್ಲಗೆ ಸಾಗುವ ಆಲಾಪನೆಯ ಬಳಿಕ ತನಿ ಆವರ್ತನದ ಏಟುಗಳು ಬಿದ್ದಾಗ ಸಂಕೇತ ಸರಾಸರಿಯ ಹತ್ತು ಪಟ್ಟು ವೋಲ್ಟಿಗೆ ಜಿಗಿಯಬಹುದು. ಆ ಕ್ಷಣಕ್ಕೆ 300 ಓಮ್‌ಗೆ 5.5 ವೋಲ್ಟ್, 600 ಓಮ್‌ಗೆ 7.7 ವೋಲ್ಟ್ ಒದಗಬೇಕು. ಇಲ್ಲದಿದ್ದರೆ ಏಟಿನ ಮೊನೆ ಮುರಿದು ನಾದ ಒರಟಾಗುತ್ತದೆ. ಅಷ್ಟು ವೋಲ್ಟನ್ನು ಶುದ್ಧವಾಗಿ ಕೊಡಬಲ್ಲ ಆಂಪ್ಲಿಫೈಯರ್ ಸಾಕು. ಅದಕ್ಕೂ ಮೇಲಿನ ವ್ಯಾಟುಗಳಿಗೆ ಹಣ ಕೊಡಬೇಕಾಗಿಲ್ಲ.

ಹೆಡ್‌ಫೋನಿನ ಸೂಕ್ಷ್ಮತೆಯನ್ನು ಹೋಲಿಸುವಾಗ ಒಂದು ಎಚ್ಚರವಿರಲಿ. ಕೆಲವರು ಅದನ್ನು ಒಂದು ಮಿಲಿವ್ಯಾಟಿಗೆ ಇಷ್ಟು ಡೆಸಿಬೆಲ್ ಎಂದು ಬರೆಯುತ್ತಾರೆ, ಕೆಲವರು ಒಂದು ವೋಲ್ಟಿಗೆ ಇಷ್ಟು ಎಂದು. 300 ಓಮ್‌ನಲ್ಲಿ ಈ ಎರಡರ ನಡುವೆ ಸುಮಾರು 5 ಡೆಸಿಬೆಲ್ ಅಂತರ. 32 ಓಮ್‌ನಲ್ಲಿ 15 ಡೆಸಿಬೆಲ್. ಸೇರಿಗೂ ಪಾವಿಗೂ ಬೆಲೆ ಹೋಲಿಸಿದಂತಾಗಬಾರದು.

ಎರಡನೆಯದು, ಆಂಪ್ಲಿಫೈಯರಿನ ಸ್ವಂತ ಔಟ್‌ಪುಟ್ ಇಂಪೀಡೆನ್ಸ್. ಅದು ಹೆಡ್‌ಫೋನಿನ ಎಂಟನೆಯ ಒಂದು ಭಾಗಕ್ಕಿಂತ ಹೆಚ್ಚಿರದಿದ್ದರೆ ಒಳ್ಳೆಯದೆಂಬುದು ರೂಢಿಯ ಸೂತ್ರ. ಹೆಡ್‌ಫೋನಿನ ಓಮ್ ಎಲ್ಲ ಸ್ವರಗಳಿಗೂ ಒಂದೇ ಆಗಿರುವುದಿಲ್ಲ. 300 ಎಂದಿರುವುದು ಮಂದ್ರದ ಕೆಲವು ಸ್ವರಗಳಲ್ಲಿ 500ಕ್ಕೆ ಏರಿತೆನ್ನಿ. 120 ಓಮ್ ಔಟ್‌ಪುಟ್ಟಿನ ಆಂಪ್ಲಿಫೈಯರಿನಲ್ಲಿ ಆ ಸ್ವರಗಳು ಸುಮಾರು 1 ಡೆಸಿಬೆಲ್ ಉಬ್ಬುತ್ತವೆ. ಕೆಲವರಿಗೆ ಅದು ಹಿತವೂ ಆದೀತು. ಆದರೆ 32ರಿಂದ 64ಕ್ಕೆ ಏರುವ ಹೆಡ್‌ಫೋನನ್ನು ಅಲ್ಲಿಗೆ ಸಿಕ್ಕಿಸಿದರೆ ಉಬ್ಬರ 4 ಡೆಸಿಬೆಲ್ ದಾಟುತ್ತದೆ. ಕಂಠವನ್ನು ಮಂದ್ರದ ನಾದ ಮುಸುಕುತ್ತದೆ.

ಮೂರನೆಯದು, ವಾಲ್ವೋ ಟ್ರಾನ್ಸಿಸ್ಟರೋ ಎಂಬ ಪ್ರಶ್ನೆ. 1954ರಲ್ಲಿ ಅಮೆರಿಕದ ಜೂಲಿಯಸ್ ಫಟರ್‌ಮನ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರನ್ನೇ ಬಿಟ್ಟ ವಾಲ್ವ್ ಆಂಪ್ಲಿಫೈಯರನ್ನು ಪ್ರಕಟಿಸಿದ. ಕೆಲವೇ ಓಮ್‌ನ ಲೌಡ್‌ಸ್ಪೀಕರನ್ನು ಹಾಗೆ ನಡೆಸುವುದು ಬಲು ಕಷ್ಟದ ಕೆಲಸ. 300, 600 ಓಮ್‌ನ ಹೆಡ್‌ಫೋನಿಗಾದರೋ ಅದು ಸಲೀಸು. ವಾಲ್ವಿನ ಸ್ವಭಾವಕ್ಕೆ ಒಪ್ಪುವ ನೆಂಟಸ್ತನ. 32 ಓಮ್‌ನ ಹೆಡ್‌ಫೋನಿಗೆ ಇಂಥ ಆಂಪ್ಲಿಫೈಯರ್ ಕೊಳ್ಳಬೇಡಿ. ಎರಡು ಬಗೆಯ ಹೆಡ್‌ಫೋನೂ ಮನೆಯಲ್ಲಿದ್ದರೆ, ಔಟ್‌ಪುಟ್ ಇಂಪೀಡೆನ್ಸ್ ಒಂದೆರಡು ಓಮ್ ಮಾತ್ರವಿರುವ ಟ್ರಾನ್ಸಿಸ್ಟರ್ ಆಂಪ್ಲಿಫೈಯರೇ ಕ್ಷೇಮ. ಅದು ಎರಡಕ್ಕೂ ಆಗುತ್ತದೆ.

ಅಜ್ಜನ ಹೆಡ್‌ಫೋನು ಅಟ್ಟದ ಮೇಲೆ ಸಿಕ್ಕಿದರೆ ಅದನ್ನು ಎಸೆಯಬೇಡಿ. ಹಳೆಯ ವಾಲ್ವ್ ಸೆಟ್ಟಿಗೆ ತಗುಲಿಸಿ ಪರೀಕ್ಷಿಸಲೂ ಬೇಡಿ. ಮೊದಮೊದಲ ಸೆಟ್ಟುಗಳಲ್ಲಿ ಹೆಡ್‌ಫೋನಿನ ತಂತಿಯಲ್ಲೇ ವಾಲ್ವಿನ ಹೆಚ್ಚಿನ ವೋಲ್ಟೇಜು ಹರಿಯುತ್ತಿತ್ತು. ಮಕ್ಕಳಿಗೆ ಒಂದು ಕ್ರಿಸ್ಟಲ್ ಸೆಟ್ಟು ಮಾಡಿಕೊಟ್ಟು ಅದಕ್ಕೆ ಜೋಡಿಸಿ. ಅದು ಹುಟ್ಟಿದ್ದೇ ಅದಕ್ಕೆ.

ಕೊನೆಯದಾಗಿ ಒಂದು ಮಾತು. ಹೊಸ ಆಂಪ್ಲಿಫೈಯರ್ ಬಂದ ದಿನ ಅದರ ಗುಂಡಿಯನ್ನು ಬಲಕ್ಕೆ ತಿರುಗಿಸುವ ಆಸೆ ಎಲ್ಲರಿಗೂ ಬರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ, ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಅದರ ಮೇಲೆ ಪ್ರತಿ 3 ಡೆಸಿಬೆಲ್ ಏರಿದರೂ ಕೇಳುವ ಅವಧಿ ಅರ್ಧಕ್ಕಿಳಿಯಬೇಕು. ಹೆಡ್‌ಫೋನನ್ನು ಮತ್ತೆ ಕೊಳ್ಳಬಹುದು, ಆಂಪ್ಲಿಫೈಯರನ್ನೂ ಕೊಳ್ಳಬಹುದು. ಕಿವಿಯನ್ನು ಕೊಳ್ಳುವ ಅಂಗಡಿ ಇಲ್ಲ. ಗುಂಡಿಯನ್ನು ಪೂರ್ತಿ ಇಳಿಸಿ, ಹೆಡ್‌ಫೋನು ಧರಿಸಿ, ತಂಬೂರಿಯ ಶ್ರುತಿ ತಿಳಿಯಾಗಿ ಕೇಳುವಷ್ಟಕ್ಕೆ ಮೆಲ್ಲಗೆ ಏರಿಸಿ ಅಲ್ಲಿಯೇ ನಿಲ್ಲಿಸಿ.