ನರ್ಸಮ್ಮನ ಕೆಲಸ ಮತ್ತು ನಮ್ಮ ಮನೆಯ ಹೆಣ್ಣುಮಕ್ಕಳು

ಯಾದಗಿರಿ ತಾಲೂಕಿನ ಮುದನಾಳದ ಒಬ್ಬ ತಂದೆ ಜುಮಾ ನಮಾಝ್ ಮುಗಿದ ಮೇಲೆ ಮಸೀದಿಯ ಮೆಟ್ಟಿಲ ಮೇಲೆ ಕೇಳಿದ ಮಾತಿದು: "ಮಗಳು ಪಿಯುಸಿ ಪಾಸಾಗ್ಯಾಳ. ನರ್ಸಿಂಗಿಗೆ ಹೋಗ್ತೀನಿ ಅಂತಾಳ. ಅದು ನಮ್ಮ ಮಂದಿ ಮಾಡೋ ಕೆಲಸೇನ್ರಿ?" ಪಕ್ಕದಲ್ಲಿ ಚಪ್ಪಲಿ ಹುಡುಕುತ್ತಿದ್ದ ಇನ್ನಿಬ್ಬರು ಉತ್ತರ ಕೇಳಲು ನಿಂತರು. ಅವರ ಮನೆಗಳಲ್ಲಿಯೂ ಅದೇ ಪ್ರಶ್ನೆ ಇದ್ದಿರಬೇಕು. ಮೆಟ್ಟಿಲ ಮೇಲೆ ನಿಂತು ಹೇಳಿ ಮುಗಿಸುವ ಉತ್ತರ ಅದಲ್ಲ. ಅದಕ್ಕಾಗಿ ಈ ಬರಹ.

ಮೊದಲು ಮದೀನಾದಿಂದ ಆರಂಭಿಸೋಣ. ಹಿಜರಿ 5ರಲ್ಲಿ, ಅಂದರೆ ಕ್ರಿ.ಶ. 627ರಲ್ಲಿ ನಡೆದ ಖಂದಕ್ ಯುದ್ಧದಲ್ಲಿ ಸಅದ್ ಬಿನ್ ಮುಆದ್(ರ) ಅವರ ಕೈಗೆ ಬಾಣ ತಾಗಿತು. ಹತ್ತಿರದಿಂದಲೇ ವಿಚಾರಿಸಿಕೊಳ್ಳಲು ಅನುಕೂಲವಾಗಲೆಂದು ಪ್ರವಾದಿ(ಸ) ಅವರನ್ನು ಮಸೀದಿಯ ಆವರಣದ ಗುಡಾರದಲ್ಲಿ ಇರಿಸಿದರು. ಆ ಗುಡಾರದಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುತ್ತಿದ್ದವರು ಅಸ್ಲಮ್ ಗೋತ್ರದ ರುಫೈದಾ(ರ). ರುಬಯ್ಯಿಅ್ ಬಿಂತಿ ಮುಅವ್ವಿದ್(ರ) ಅವರು ತಾವು ಯುದ್ಧಭೂಮಿಯಲ್ಲಿ ನೀರು ಕೊಟ್ಟು, ಗಾಯಾಳುಗಳನ್ನು ಉಪಚರಿಸುತ್ತಿದ್ದುದನ್ನು ಹೇಳಿದ್ದು ಸಹೀಹ್ ಬುಖಾರಿಯಲ್ಲಿದೆ. ಉಮ್ಮು ಅತಿಯ್ಯಾ(ರ) ಏಳು ಯುದ್ಧಯಾತ್ರೆಗಳಲ್ಲಿ ಅಡುಗೆ ಮಾಡಿದರು, ಗಾಯಾಳುಗಳನ್ನೂ ರೋಗಿಗಳನ್ನೂ ನೋಡಿಕೊಂಡರು. ರುಫೈದಾ(ರ) ಅವರು ಶಾಲೆ ಕಟ್ಟಿದರು, ನಿಯಮಾವಳಿ ಬರೆದರು ಎಂಬ ಕಥೆಗಳು ಈಚೆಗೆ ಮೊಬೈಲಿನಲ್ಲಿ ಓಡಾಡುತ್ತಿವೆ. ಅಂಥ ಅಲಂಕಾರ ನಮಗೆ ಬೇಕಾಗಿಲ್ಲ. ಮಸೀದಿಯ ಆವರಣದಲ್ಲಿ ಒಬ್ಬ ಹೆಣ್ಣುಮಗಳು ಗಾಯಾಳುಗಳನ್ನು ನೋಡಿಕೊಂಡಳು, ಅಲ್ಲಾಹನ ರಸೂಲರು(ಸ) ತಮ್ಮ ಆಪ್ತ ಸಂಗಾತಿಯನ್ನು ಅಲ್ಲಿಗೇ ಕಳುಹಿಸಿದರು ಎಂಬುದು ಸಾಕು.

1284ರಲ್ಲಿ ಕೈರೋದಲ್ಲಿ ಸುಲ್ತಾನ್ ಕಲಾವೂನ್ ಕಟ್ಟಿಸಿದ ಮನ್ಸೂರಿ ಆಸ್ಪತ್ರೆಯಲ್ಲಿ ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ವಿಭಾಗಗಳಿದ್ದವು. ಹೆಣ್ಣು ರೋಗಿಗಳನ್ನು ನೋಡಿಕೊಳ್ಳಲು ಹೆಣ್ಣು ಪರಿಚಾರಕಿಯರಿದ್ದರು. ಇನ್ನೊಂದು ವಿಷಯ ನೆನಪಾಗುತ್ತದೆ. ಆಧುನಿಕ ನರ್ಸಿಂಗ್‌ನ ತಾಯಿ ಎನಿಸಿಕೊಂಡ ಫ್ಲಾರೆನ್ಸ್ ನೈಟಿಂಗೇಲ್ 1854ರ ನವೆಂಬರ್‌ನಲ್ಲಿ 38 ಮಂದಿ ನರ್ಸ್‌ಗಳೊಂದಿಗೆ ಬಂದಿಳಿದದ್ದು ಇಸ್ತಾಂಬುಲ್‌ನ ಉಸ್ಕುದಾರ್‌ಗೆ. ತುರ್ಕಿ ಸುಲ್ತಾನರು ಬ್ರಿಟಿಷರಿಗೆ ಬಿಟ್ಟುಕೊಟ್ಟಿದ್ದ ಸೈನಿಕ ಬ್ಯಾರಕ್ ಒಂದು ಆಕೆಯ ಮೊದಲ ದೊಡ್ಡ ಆಸ್ಪತ್ರೆಯಾಯಿತು.

ಹಾಗಿದ್ದರೆ ನಮ್ಮ ಕಡೆ ಈ ಕೆಲಸ 'ನಮ್ಮದಲ್ಲ' ಎಂದು ಆದದ್ದು ಯಾವಾಗ?

ಹೆರಿಗೆ ಮಾಡಿಸುವುದು ನಮ್ಮದಲ್ಲ ಎಂದು ಯಾರೂ ಅಂದಿರಲಿಲ್ಲ. ಊರೂರಿನಲ್ಲಿ ಸೂಲಗಿತ್ತಿಯರಿದ್ದರು, ಮೊಹಲ್ಲಾಗಳಲ್ಲಿ ದಾಯಿಯರಿದ್ದರು. ಪಾವಗಡ ಕಡೆಯ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ದೇಶ ತಿರುಗಿ ನೋಡಿತು. ಆದರೆ ಅವರಂತೆ ಹೆಸರಿಲ್ಲದೆ ಹೋದ ಅಜ್ಜಿಯರು ನಮ್ಮ ಓಣಿಗಳಲ್ಲಿಯೂ ಇದ್ದರು. ಆಸ್ಪತ್ರೆಯ ನರ್ಸ್ ಕೆಲಸ ಮಾತ್ರ ಬೇರೆ ದಾರಿಯಲ್ಲಿ ಬಂತು. ಬ್ರಿಟಿಷರ ಕಾಲದ ಆಸ್ಪತ್ರೆಗಳಲ್ಲಿ ನರ್ಸ್‌ಗಳು ಹೆಚ್ಚಾಗಿ ಯುರೋಪಿಯನ್ನರು, ಆಂಗ್ಲೋ ಇಂಡಿಯನ್ನರು ಮತ್ತು ಭಾರತೀಯ ಕ್ರೈಸ್ತ ಹೆಣ್ಣುಮಕ್ಕಳು. ತರಬೇತಿ ಕೊಡುವ ಶಾಲೆಗಳೂ ಬಹುಪಾಲು ಮಿಷನ್ ಆಸ್ಪತ್ರೆಗಳಲ್ಲೇ ಇದ್ದವು. ವೆಲ್ಲೂರಿನಲ್ಲಿ ಐಡಾ ಸ್ಕಡರ್ 1909ರಲ್ಲಿ ನರ್ಸಿಂಗ್ ಶಾಲೆ ತೆರೆದರು. ಯಾದಗಿರಿಯಲ್ಲೂ ಮೆಥಡಿಸ್ಟ್ ಮಿಷನ್ನಿನ ಹೋಲ್‌ಸ್ಟನ್ ಆಸ್ಪತ್ರೆ ಇತ್ತು. ಮಲ ಮೂತ್ರ ಮುಟ್ಟುವ ಕೆಲಸ, ರಾತ್ರಿ ಪಾಳಿ, ಪರಪುರುಷರ ಆರೈಕೆ ಎಂದು ಹಿಂದೂ ಮನೆಗಳೂ ಮುಸ್ಲಿಂ ಮನೆಗಳೂ ಒಂದೇ ಮಾತಿನಲ್ಲಿ ಹಿಂದೆ ಸರಿದವು. ಹೀಗಾಗಿ ಈ ಹಿಂಜರಿಕೆ ದೀನ್‌ನಿಂದ ಬಂದದ್ದಲ್ಲ. ಅದು ಈ ನಾಡಿನ ಮಡಿ-ಮೈಲಿಗೆಯಿಂದ ಬಂದದ್ದು, ನಾವೂ ಅದನ್ನು ಹೊದ್ದುಕೊಂಡೆವು. ಇದು ನನ್ನ ಅಭಿಪ್ರಾಯ. ಒಪ್ಪದವರು ಇರಬಹುದು.

ನಮ್ಮ ಭಾಗದ ಕಥೆಯಲ್ಲಿ ಇನ್ನೊಂದು ತಿರುವಿದೆ. 1948ರವರೆಗೆ ಯಾದಗಿರಿ, ಶಹಾಪುರ, ಸುರಪುರ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ದೊಡ್ಡ ಕಾಯಿಲೆ ಎಂದರೆ ರೈಲು ಹತ್ತಿ ಹೈದರಾಬಾದಿಗೆ. ಅಲ್ಲಿನ ಅಫ್ಝಲ್‌ಗಂಜ್ ಆಸ್ಪತ್ರೆಯನ್ನು 1908ರ ಮೂಸಿ ನದಿಯ ಪ್ರವಾಹ ನಾಶ ಮಾಡಿತು. ಮೀರ್ ಉಸ್ಮಾನ್ ಅಲಿ ಖಾನ್ ಕಾಲದಲ್ಲಿ ಅದರ ಬದಲು ಉಸ್ಮಾನಿಯಾ ಆಸ್ಪತ್ರೆ ಎದ್ದಿತು. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯವನ್ನೂ ಉರ್ದುವಿನಲ್ಲೇ ಕಲಿಸುತ್ತಿದ್ದರು. ಮನೆಯ ಮಾತಿನಲ್ಲೇ ದೇಹಶಾಸ್ತ್ರ ಓದುವ ಆ ಅವಕಾಶ ಸಂಸ್ಥಾನದೊಂದಿಗೆ ಹೋಯಿತು. 1956ರ ನವೆಂಬರ್ 1ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಉರ್ದು ಶಾಲೆಗಳು ಉಳಿದವು, ಆದರೆ ಮೇಲಿನ ಓದಿನ ಬಾಗಿಲು ಇಂಗ್ಲಿಷಿನದಾಯಿತು. ಇಂದಿಗೂ ನರ್ಸಿಂಗ್ ಸೇರುವ ನಮ್ಮ ಹುಡುಗಿಯರ ಮೊದಲ ಕಣ್ಣೀರು ಇಲ್ಲಿಯದು.

ಈಗ ಮುದನಾಳದಂಥ ಊರಿಗೇ ಎಂದು ಹುಟ್ಟಿದ ಕೋರ್ಸಿನ ವಿಷಯಕ್ಕೆ ಬರೋಣ. 1946ರಲ್ಲಿ ಭೋರ್ ಸಮಿತಿ ವರದಿ ಕೊಟ್ಟಾಗ ಬ್ರಿಟಿಷ್ ಇಂಡಿಯಾದಲ್ಲಿ ಇದ್ದ ನರ್ಸ್‌ಗಳು ಸುಮಾರು 7,000. ಅಂದರೆ 43,000 ಜನರಿಗೆ ಒಬ್ಬರು. 1947ರಲ್ಲಿ ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. ಪೂರ್ಣ ತರಬೇತಿಯ ನರ್ಸ್‌ಗಳನ್ನು ಹಳ್ಳಿ ಹಳ್ಳಿಗೆ ತಯಾರು ಮಾಡಲು ದಶಕಗಳೇ ಬೇಕು ಎಂಬುದು ಗೊತ್ತಾದಾಗ ಸಣ್ಣ ಕೋರ್ಸೊಂದನ್ನು ಯೋಚಿಸಿದರು. ಪಂಜಾಬಿನ ತರನ್ ತಾರನ್‌ನ ಸೇಂಟ್ ಮೇರೀಸ್ ಆಸ್ಪತ್ರೆಯಲ್ಲಿ 1951ರಲ್ಲಿ ಅದು ಮೊದಲು ಶುರುವಾಯಿತು. ಅದೇ ಎಎನ್‌ಎಂ, ಸಹಾಯಕ ನರ್ಸ್ ಮತ್ತು ಸೂಲಗಿತ್ತಿ. ಅಮೆರಿಕದಲ್ಲಿ 'ಪ್ರ್ಯಾಕ್ಟಿಕಲ್ ನರ್ಸ್' ಎನ್ನುವ ದರ್ಜೆಗೆ ನಮ್ಮಲ್ಲಿ ಹತ್ತಿರದ್ದು ಇದೇ. ಆದರೆ ಅಲ್ಲಿಯವಳು ವಾರ್ಡಿನಲ್ಲಿ ಮೇಲಿನವರ ಕೈಕೆಳಗೆ ಇರುತ್ತಾಳೆ. ನಮ್ಮವಳು ಹಳ್ಳಿಯಲ್ಲಿ ಒಬ್ಬಳೇ ಇರುತ್ತಾಳೆ.

ಆಗ ಎರಡು ವರ್ಷದ ಈ ಕೋರ್ಸಿಗೆ ಏಳೆಂಟನೆಯ ತರಗತಿ ಓದಿದ್ದರೆ ಸಾಕಿತ್ತು. ನಮ್ಮ ಅಜ್ಜಿಯರ ಕಾಲದಲ್ಲಿ ಬಾಗಿಲು ಅಷ್ಟು ಅಗಲವಾಗಿತ್ತು, ಆದರೆ ನಮ್ಮ ಹುಡುಗಿಯರು ಶಾಲೆಯಲ್ಲೇ ಇರಲಿಲ್ಲ. 1973ರ ಕರ್ತಾರ್ ಸಿಂಗ್ ಸಮಿತಿ ಎಎನ್‌ಎಂಗಳನ್ನು ಬಹುಉದ್ದೇಶ ಕಾರ್ಯಕರ್ತೆಯರನ್ನಾಗಿ ಮಾಡಬೇಕೆಂದಿತು. ಆಮೇಲೆ ಕೋರ್ಸು ಒಂದೂವರೆ ವರ್ಷಕ್ಕೆ ಇಳಿಯಿತು, ಎಸ್ಸೆಸ್ಸೆಲ್ಸಿ ಬೇಕೆಂದಾಯಿತು. ತುರ್ತು ಪರಿಸ್ಥಿತಿಯ ದಿನಗಳಲ್ಲಿ ಕುಟುಂಬ ಯೋಜನೆಯ ಗುರಿ ಮುಟ್ಟಿಸುವ ಭಾರವನ್ನು ಇವರ ಹೆಗಲಿಗೂ ಹಾಕಿದರು. ಬಾಗಿಲಿಗೆ ಬಂದ ನರ್ಸಮ್ಮನನ್ನು ಕಂಡು ಹೆಂಗಸರು ಒಳಗೆ ಓಡಿ ಹೋದದ್ದು ಆ ಕಾಲದ ನೆನಪು. ಅದರ ಕಹಿ ಬಹಳ ವರ್ಷ ಉಳಿಯಿತು. ಮುಂದೆ ಉತ್ತರ ಪ್ರದೇಶ, ಬಿಹಾರದ ಮೊಹಲ್ಲಾಗಳಲ್ಲಿ ಪೋಲಿಯೋ ಹನಿಯ ಬಗ್ಗೆ ಗಾಳಿಮಾತು ಹರಡಿದಾಗ ಅದನ್ನು ಮುರಿದವರು ಅದೇ ಓಣಿಯ ಪರಿಚಿತ ಹೆಂಗಸರು ಮತ್ತು ಇಮಾಮರು. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೋ ಪ್ರಕರಣ ಬಂದಿಲ್ಲ.

ಇಂದು ಎಎನ್‌ಎಂ ಮತ್ತೆ ಎರಡು ವರ್ಷ, ಪಿಯುಸಿ ಬೇಕು, ಕಲಾ ವಿಭಾಗದವರಿಗೂ ಅವಕಾಶವಿದೆ. 17 ವರ್ಷ ತುಂಬಿರಬೇಕು, ಹೆಣ್ಣುಮಕ್ಕಳಿಗೆ ಮಾತ್ರ. ಮೂರು ವರ್ಷದ ಜಿಎನ್‌ಎಂ ಡಿಪ್ಲೊಮಾಕ್ಕೆ ಗಂಡುಮಕ್ಕಳೂ ಹೋಗಬಹುದು. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗ್‌ಗೆ ವಿಜ್ಞಾನವೇ ಬೇಕು. ಬಯಲು ಸೀಮೆಯಲ್ಲಿ 5,000 ಜನಸಂಖ್ಯೆಗೆ ಒಂದು ಉಪಕೇಂದ್ರ ಎಂಬುದು ಸರಕಾರದ ಅಳತೆ. ಅಲ್ಲಿ ಕೂರುವವಳು ಎಎನ್‌ಎಂ. ನಮ್ಮ ರಾಜ್ಯದಲ್ಲಿ ಅವಳನ್ನು ಮೊದಲು ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎನ್ನುತ್ತಿದ್ದರು, ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಊರಿನವರ ಬಾಯಲ್ಲಿ ಮಾತ್ರ ಸಿಸ್ಟರ್.

ಯಾದಗಿರಿ 2010ರ ಹೊತ್ತಿಗೆ ಹೊಸ ಜಿಲ್ಲೆಯಾಯಿತು. 2011ರ ಜನಗಣತಿಯಲ್ಲಿ ಇಡೀ ಕರ್ನಾಟಕದಲ್ಲಿ ಅತಿ ಕಡಿಮೆ ಸಾಕ್ಷರತೆ ನಮ್ಮದು. ನೂರಕ್ಕೆ 52 ಕೂಡ ಇರಲಿಲ್ಲ, ಹೆಣ್ಣುಮಕ್ಕಳದ್ದು ಅದಕ್ಕಿಂತ ಬಹಳ ಕಡಿಮೆ. ಇಂಥ ಜಿಲ್ಲೆಯಲ್ಲಿ ಪಿಯುಸಿ ಪಾಸಾದ ಹುಡುಗಿ ಮನೆಯಲ್ಲಿ ಕೂತರೆ ನಷ್ಟ ಅವಳೊಬ್ಬಳದ್ದಲ್ಲ. ಸಂವಿಧಾನದ 98ನೇ ತಿದ್ದುಪಡಿಯಿಂದ ಬಂದ 371ಜೆ ವಿಧಿ ನಮ್ಮ ಭಾಗದ ಕಾಲೇಜುಗಳಲ್ಲಿ ಸ್ಥಳೀಯರಿಗೆ ನೂರಕ್ಕೆ 70 ಸೀಟು ಇಟ್ಟಿದೆ, ಇಲ್ಲಿಯ ಸರಕಾರಿ ಹುದ್ದೆಗಳಲ್ಲೂ ದೊಡ್ಡ ಪಾಲು ಸ್ಥಳೀಯರದ್ದೇ. ಆದರೆ ಸಹಾಯಕ ಆಯುಕ್ತರು ಕೊಡುವ ಅರ್ಹತಾ ಪತ್ರ ಕೈಯಲ್ಲಿದ್ದರೆ ಮಾತ್ರ. ಅರ್ಜಿಯ ಕೊನೆಯ ದಿನ ಆ ಪತ್ರಕ್ಕೆ ಓಡುವ ತಂದೆಯರನ್ನು ಪ್ರತಿ ವರ್ಷ ನೋಡುತ್ತೇವೆ.

ಸೀಟು ಸಿಕ್ಕಿತು ಎಂದುಕೊಳ್ಳಿ. ಉಳಿದುಕೊಳ್ಳುವುದು ಅದಕ್ಕಿಂತ ಕಷ್ಟ. ಇದು ಇಂದಿನ ಮಾತಲ್ಲ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನೈಟಿಂಗೇಲ್ ಶಾಲೆ 15 ಹುಡುಗಿಯರಿಂದ ಶುರುವಾದಾಗಲೂ ಅವರಿಂದ ದಿನಚರಿ ಬರೆಸುತ್ತಿದ್ದರು, ವಾರ್ಡಿನಲ್ಲಿ ದಿನವಿಡೀ ದುಡಿಸುತ್ತಿದ್ದರು. ಆ ಶಿಸ್ತೇ ಇಂದಿನ ಕೇಸ್ ಬುಕ್, ರೆಕಾರ್ಡ್ ಬುಕ್ಕುಗಳಾಗಿ ಬಂದಿದೆ. ಮೊದಲ ಆರು ತಿಂಗಳಲ್ಲಿ ಹುಡುಗಿಯರು ವಾಪಸ್ ಬರುವುದು ಬುದ್ಧಿ ಸಾಲದೆ ಅಲ್ಲ. ಬೆಳಿಗ್ಗೆ ವಾರ್ಡ್, ಮಧ್ಯಾಹ್ನ ತರಗತಿ, ರಾತ್ರಿ ರೆಕಾರ್ಡ್. ಪ್ರಾಯೋಗಿಕ ಹಾಜರಾತಿ ನೂರಕ್ಕೆ ನೂರು ಆಗಲೇಬೇಕು. ಹೀಗಾಗಿ ಮದುವೆಗೆ, ಹಬ್ಬಕ್ಕೆ ಎಂದು ವಾರಗಟ್ಟಲೆ ಕರೆಸಿಕೊಂಡರೆ ಆ ದಿನಗಳನ್ನು ಅವಳು ರಜೆಯಲ್ಲಿ ತುಂಬಿಕೊಡಬೇಕು. ಮಗಳು ಫೋನಿನಲ್ಲಿ ಅಳುತ್ತಾಳೆ. ಆ ವಾರವೇ ಕರೆದುಕೊಂಡು ಬಂದರೆ ಓದು ಅಲ್ಲಿಗೇ ಮುಗಿಯಿತು. ಮೊದಲ ಬಾರಿ ಬೆಡ್‌ಪ್ಯಾನ್ ಹಿಡಿದ ದಿನ, ಮೊದಲ ಬಾರಿ ಕಣ್ಣೆದುರು ಒಂದು ಸಾವು ಕಂಡ ದಿನ, ಈ ಎರಡೂ ದಾಟಿದವಳು ಸಾಮಾನ್ಯವಾಗಿ ಉಳಿಯುತ್ತಾಳೆ.

ಇಂಗ್ಲಿಷಿಗೆ ಒಂದು ದಾರಿಯಿದೆ. ಮೊದಲ ವರ್ಷದ ಪುಸ್ತಕದಲ್ಲಿ ಮತ್ತೆ ಮತ್ತೆ ಬರುವ ಪದಗಳು ಕೆಲವು ನೂರು ಮಾತ್ರ. ಒಂದು ನೋಟ್‌ಬುಕ್ಕಿನಲ್ಲಿ ಇಂಗ್ಲಿಷ್ ಪದ, ಅದರ ಪಕ್ಕ ಕನ್ನಡ ಇಲ್ಲವೇ ಉರ್ದು ಅರ್ಥ, ದಿನಕ್ಕೆ ಹತ್ತು. ತರಗತಿ ಶುರುವಾಗುವ ಮೊದಲೇ, ಫಲಿತಾಂಶ ಬಂದ ಮೇಲಿನ ರಜೆಯಲ್ಲೇ ಇದನ್ನು ಆರಂಭಿಸಿದರೆ ಅರ್ಧ ಭಯ ಹೋಗುತ್ತದೆ.

ಉಡುಪಿನ ಪ್ರಶ್ನೆಯನ್ನು ಸೀಟು ತೆಗೆದುಕೊಳ್ಳುವ ಮೊದಲೇ ಕೇಳಿಬಿಡಿ, ಆಮೇಲಲ್ಲ. ತಲೆವಸ್ತ್ರದ ಬಗ್ಗೆ ಒಂದೊಂದು ಕಡೆ ಒಂದೊಂದು ರೀತಿ. ತೋಳಿನ ವಿಷಯ ಬೇರೆ. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯ, ಕೈ ತೊಳೆಯದೆ ಬಂದವರಿಂದಲೇ ಬಾಣಂತಿಯರು ಸಾಯುತ್ತಿದ್ದಾರೆ ಎಂದು ತೋರಿಸಿದರು. ಇಂದು ಕೈ ತೊಳೆಯುವುದು ಈ ವೃತ್ತಿಯ ಜೀವಾಳ. ದಿನಕ್ಕೆ ಐದು ಹೊತ್ತು ವುಝೂ ಮಾಡುವ ಹುಡುಗಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕೈ ತೊಳೆಯುವಾಗ ತೋಳು ಮಡಚಿ, ಆಮೇಲೆ ಬಿಸಾಡುವ ತೋಳುಗವಸು ಹಾಕಿಕೊಳ್ಳುವ ಕ್ರಮ ಕೆಲವು ಕಡೆಯ ಆಸ್ಪತ್ರೆಗಳಲ್ಲಿ ಇದೆ.

ಹಣ ಕಟ್ಟುವ ಮೊದಲು ಶಾಲೆಗೆ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ನ ಮಾನ್ಯತೆ ಆ ವರ್ಷಕ್ಕೆ ಇದೆಯೇ ನೋಡಿ. ಓದಿದ ಮೇಲೆ ಅಲ್ಲಿ ನೋಂದಣಿ ಆಗದಿದ್ದರೆ ಸರ್ಟಿಫಿಕೇಟು ಬರೀ ಕಾಗದ. ನಮ್ಮ ಬಂಧುಗಳ ಮಗಳೊಬ್ಬಳು ದಲ್ಲಾಳಿಯ ಮಾತು ನಂಬಿ ದೂರದ ಊರೊಂದರಲ್ಲಿ ಸೇರಿದಳು. ನಡುವೆ ಬಿಡಬೇಕಾಗಿ ಬಂದಾಗ ಮೂಲ ಅಂಕಪಟ್ಟಿ ವಾಪಸ್ ಪಡೆಯಲು ಒಂದು ವರ್ಷ ಓಡಾಡಿದಳು. ಮೂಲ ದಾಖಲೆ ಕೊಡುವಾಗ ರಸೀದಿ ಕೇಳುವುದರಲ್ಲಿ ನಾಚಿಕೆ ಬೇಡ.

ಯಾದಗಿರಿ ಸ್ಟೇಷನ್ನಿನಲ್ಲಿ ನಿಂತಾಗಲೆಲ್ಲ ನನಗೊಂದು ವಿಷಯ ನೆನಪಾಗುತ್ತದೆ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗುವ ಮೊದಲು ಕೇರಳದಿಂದ ಮುಂಬೈಗೆ ಹೋಗುವ ಗಾಡಿಗಳು ಗುಂತಕಲ್, ರಾಯಚೂರು, ವಾಡಿ ದಾರಿಯಲ್ಲಿ ನಮ್ಮ ಊರನ್ನು ದಾಟಿಯೇ ಹೋಗುತ್ತಿದ್ದವು. ಮುಂಬೈ ಆಸ್ಪತ್ರೆಗಳಿಗೆ, ಅಲ್ಲಿಂದ ಕುವೈತ್, ಸೌದಿಗೆ ಹೊರಟ ಮಲಯಾಳಿ ನರ್ಸ್‌ಗಳು ಟ್ರಂಕು ಹಿಡಿದು ಆ ಡಬ್ಬಿಗಳಲ್ಲಿ ಕೂತಿರುತ್ತಿದ್ದರು. ಅದೇ ಪ್ಲಾಟ್‌ಫಾರ್ಮಿನಿಂದ ನಮ್ಮ ಮಂದಿ ಮುಂಬೈಗೆ ಕೂಲಿಗೆ ಹೋಗುತ್ತಿದ್ದರು. ಎರಡು ಮನೆಗಳ ಬಡತನ ಒಂದೇ ಗಾಡಿಯಲ್ಲಿ ಹೋಯಿತು, ಇಳಿದ ಮೇಲೆ ದಾರಿ ಬೇರೆಯಾಯಿತು.

ರಾತ್ರಿ ಪಾಳಿಯ ಬಗ್ಗೆ ಆ ತಂದೆ ಎರಡು ಸಲ ಕೇಳಿದರು. ಆಸ್ಪತ್ರೆ ಕೆಲಸದಲ್ಲಿ ರಾತ್ರಿ ಪಾಳಿ ಇದ್ದೇ ಇರುತ್ತದೆ, ಇಲ್ಲ ಎಂದು ಸುಳ್ಳು ಹೇಳಲಾಗದು. ತಮ್ಮ ಹೆಂಡತಿಗೆ ಅರ್ಧರಾತ್ರಿ ಹೆರಿಗೆ ನೋವು ಬಂದಾಗ ಬಾಗಿಲು ತೆರೆದವರು ಯಾರೆಂದು ನಾನು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಬ್ಬರು ಸಿಸ್ಟರ್" ಅಂದರು.

ಅರ್ಜಿ ಇನ್ನೂ ಹಾಕಿಲ್ಲ. ಆಧಾರ್‌ನಲ್ಲಿ ಮಗಳ ಹೆಸರಿನ ಮುಂದೆ 'ಬೇಗಂ' ಇದೆ, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 'ಬೀ' ಇದೆ. ಅದು ಸರಿಯಾಗದೆ ಅರ್ಹತಾ ಪತ್ರವೂ ಬರುವುದಿಲ್ಲ. ಸೋಮವಾರ ಯಾದಗಿರಿಗೆ ಹೋಗುತ್ತೇನೆ ಎಂದಿದ್ದಾರೆ.