ಏಳನೇ ಇಯತ್ತೆಯ ತೂಕ

ಕಳೆದ ಮಳೆಗಾಲದಲ್ಲಿ ಮಚ್ಛೆಯ ಒಂದು ಮನೆಯ ಪಡಸಾಲೆಯಲ್ಲಿ ಆರೇಳು ಜನ ಕೂತು ಪ್ರೇಮಚಂದರ ‘ಬಡೇ ಭಾಯಿ ಸಾಹಬ್’ ಕಥೆಯನ್ನು ಕನ್ನಡದಲ್ಲಿ ಓದಿದೆವು. ಹಾಸ್ಟೆಲಿನಲ್ಲಿ ಇಬ್ಬರು ಅಣ್ಣತಮ್ಮಂದಿರು. ಹಗಲಿರುಳು ಓದುವ ಅಣ್ಣ ಮತ್ತೆ ಮತ್ತೆ ನಪಾಸಾಗುತ್ತಾನೆ. ಆಡಿಕೊಂಡಿರುವ ತಮ್ಮ ಪಾಸಾಗುತ್ತ ಅವನ ಬೆನ್ನಿಗೇ ಬಂದು ನಿಲ್ಲುತ್ತಾನೆ. ಗಾಳಿಪಟದ ಹಿಂದೆ ಓಡುವ ತಮ್ಮನನ್ನು ತಡೆದು ಬುದ್ಧಿ ಹೇಳಿದ ಅಣ್ಣ, ಕೊನೆಗೆ ತಾನೇ ಅದರ ದಾರ ಹಿಡಿದು ಓಡುತ್ತಾನೆ.

ಕಾಲೇಜು ಹುಡುಗರಿಗೆ ಗಾಳಿಪಟ ಹಿಡಿಸಿತು, ನನಗೆ ಅಣ್ಣನ ಉಪದೇಶ. ನಿವೃತ್ತ ಮಾಸ್ತರರೊಬ್ಬರು ಮಾತ್ರ ನಾನು ಗಮನಿಸದೇ ದಾಟಿದ್ದ ಮಾತೊಂದನ್ನು ಹಿಡಿದರು. ಹಿಂದೆ ಎಂಟನೆಯ ತರಗತಿ ಪಾಸಾದವರು ನಾಯಬ್ ತಹಶೀಲ್ದಾರರಾಗುತ್ತಿದ್ದರು ಎಂದು ಅಣ್ಣ ನೆನಪಿಸುತ್ತಾನೆ. “ಇದು ನಮ್ಮ ಮುಲ್ಕಿ ನೋಡ್ರಿ. ನಮ್ಮಪ್ಪ ಪಾಸಾದಾಗ ಓಣಿಗೆಲ್ಲ ಪೇಢೆ ಹಂಚಿದ್ರಂತ,” ಅಂದರು.

ಮುಂಬಯಿ ಪ್ರಾಂತಕ್ಕೆ ಸೇರಿದ್ದ ನಮ್ಮ ಭಾಗದಲ್ಲಿ ಏಳನೇ ಇಯತ್ತೆಯ ಪರೀಕ್ಷೆಯನ್ನು ಮುಲ್ಕಿ ಎನ್ನುತ್ತಿದ್ದರು. ಪಾಸಾದರೆ ಮಾಸ್ತರಿಕೆ, ತಲಾಠಿ ಕೆಲಸಕ್ಕೆ ದಾರಿ. ಆ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವುದೂ ತಾನಾಗಿ ಒದಗಿದ ಭಾಗ್ಯವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಇಲ್ಲಿ ಶಾಲೆಯೆಂದರೆ ಹೆಚ್ಚಾಗಿ ಮರಾಠಿ ಶಾಲೆ. 1860ರ ದಶಕದಿಂದ ಕನ್ನಡ ಶಾಲೆಗಳನ್ನು ಬೆಳೆಸಿದವರಲ್ಲಿ ಚನ್ನಬಸಪ್ಪನವರು (1834–1881) ಮುಖ್ಯರು. ಶಾಲಾ ಡೆಪ್ಯುಟಿ ಇನ್ಸ್‌ಪೆಕ್ಟರ್ ಹುದ್ದೆಯೇ ಅವರ ಹೆಸರಿಗೆ ಅಂಟಿ ‘ಡೆಪ್ಯುಟಿ ಚನ್ನಬಸಪ್ಪ’ ಆಯಿತು. ಮಾಸ್ತರರಿಗಾಗಿ 1865ರಲ್ಲಿ ‘ಮಠಪತ್ರಿಕೆ’ ಶುರುವಾದದ್ದೂ ಆ ಕಾಲದಲ್ಲೇ. ಪ್ರೇಮಚಂದರೂ ಹಮೀರ್‌ಪುರ ಜಿಲ್ಲೆಯಲ್ಲಿ ಶಾಲೆಗಳ ತನಿಖೆಗೆ ತಿರುಗಿದವರು. ಪರೀಕ್ಷೆಯೊಂದು ಮನೆಯೊಳಗೆ ಎಷ್ಟು ತೂಗುತ್ತದೆಂದು ಅವರಿಗೆ ಗೊತ್ತಿತ್ತು.

ಅಷ್ಟೊತ್ತು ಸುಮ್ಮನಿದ್ದ ಮನೆಯ ಅಜ್ಜಿ ಆಗ ಬಾಯಿಬಿಟ್ಟರು. “ಅವ್ವ ಒಂದೂ ಇಯತ್ತೆ ಕಲ್ತಿಲ್ಲ, ಆದ್ರೂ ತಿದ್ದೋ ಹಕ್ಕು ಆಕಿಗೈತಿ ಅಂತಾನಲ್ಲ ಆ ಹುಡುಗ, ಅದು ಮನಸಿಗೆ ಹತ್ತಿತು. ನನ್ನ ನಾಲ್ಕನೇತ್ತೆಗೆ ಬಿಡಿಸಿದ್ರು. ತಮ್ಮನ ಮುಲ್ಕಿ ಪುಸ್ತಕ ನಾನ ಒರಸಿ ಇಡತಿದ್ನಿ.”

ಯಾರೂ ಮಾತಾಡಲಿಲ್ಲ. ಶಾಲೆ ಎಷ್ಟು, ಪಾಸಾದವರು ಎಷ್ಟು ಎಂಬುದು ಇಲಾಖೆಯ ವರದಿಗಳಲ್ಲಿ ಸಿಗುತ್ತದೆ. ಪುಸ್ತಕ ಒರೆಸಿದವರ ಲೆಕ್ಕ ಅಲ್ಲಿಲ್ಲ; ಅದು ಹೊರಬರಲು ಒಂದು ಕಥೆ ಬೇಕಾಯಿತು. ನನ್ನ ಮಹಾಪ್ರಬಂಧದ ಮುಲ್ಕಿ ಅಧ್ಯಾಯ ಪಾಸಾದವರಿಂದ ಶುರುವಾಗಿತ್ತು. ಈಗ ಕ್ಷೇತ್ರಕಾರ್ಯಕ್ಕೆ ಹೋದಲ್ಲೆಲ್ಲ ಈ ಕಥೆ ಓದುತ್ತೇನೆ. ನಾಲ್ಕನೇತ್ತೆಗೆ ಬಿಟ್ಟವರನ್ನು ಮೊದಲು ಕೇಳುತ್ತೇನೆ.