ಸಂತಮಸದ ಪೂರ್ವಚರಿತ್ರೆ: ಅದಮಾರು, ಅಹಮದಾಬಾದು, ಕಾವಲೂರು

2019ರ ಡಿಸೆಂಬರ್ 17ರಂದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ತನ್ನ ಶತಮಾನೋತ್ಸವದ ಅಂಗವಾಗಿ ನೂರಕ್ಕೂ ಹೆಚ್ಚು ನಕ್ಷತ್ರಗಳಿಗೂ ಅವುಗಳ ಗ್ರಹಗಳಿಗೂ ಹೆಸರು ಪ್ರಕಟಿಸಿತು. ಒಂದು ದೇಶಕ್ಕೆ ಒಂದು ಜೋಡಿ. ಭಾರತದ ಪಾಲಿಗೆ ಬಂದದ್ದು ಎಚ್‌ಡಿ 86081. ಅದು ಮಘಾ ನಕ್ಷತ್ರದಿಂದ ದಕ್ಷಿಣಕ್ಕೆ, ಸೆಕ್ಸ್‌ಟನ್ಸ್ ಪುಂಜದಲ್ಲಿ, ಸುಮಾರು 340 ಜ್ಯೋತಿರ್ವರ್ಷ ದೂರದಲ್ಲಿದೆ, ಬರಿಗಣ್ಣಿಗೆ ಕಾಣದು. ನಕ್ಷತ್ರಕ್ಕೆ ಬಿಭಾ ಎಂದೂ ಗ್ರಹಕ್ಕೆ ಸಂತಮಸ ಎಂದೂ ಹೆಸರಾಯಿತು. ಗ್ರಹವನ್ನು ಅಮೆರಿಕದ ತಂಡವೊಂದು 2006ರಲ್ಲೇ ವರದಿ ಮಾಡಿತ್ತು. ಅದರ ತೂಕ ನಮ್ಮ ಗುರುವಿನ ಒಂದೂವರೆ ಪಟ್ಟು, ಅದೂ ಕನಿಷ್ಠ ಲೆಕ್ಕ. ನಮ್ಮ ಗುರು ಸೂರ್ಯನನ್ನು ಸುತ್ತಲು ಸುಮಾರು 12 ವರ್ಷ ತೆಗೆದುಕೊಂಡರೆ ಸಂತಮಸದ ಒಂದು ವರ್ಷ ಮುಗಿಯುವುದು 2.14 ದಿನಗಳಲ್ಲಿ.

ಇಂಥ ಗ್ರಹಗಳನ್ನು ‘ಬಿಸಿ ಗುರು’ ಎನ್ನುವುದು ರೂಢಿ. ಇವುಗಳ ಚರಿತ್ರೆಯನ್ನು 1995ರ ಅಕ್ಟೋಬರ್‌ನಿಂದ, ಮಿಶೆಲ್ ಮೇಯರ್ ಮತ್ತು ಡಿಡಿಯೆ ಕೆಲೋ 51 ಪೆಗಾಸಿ ಬಿ ಗ್ರಹವನ್ನು ಪ್ರಕಟಿಸಿದಲ್ಲಿಂದ ಆರಂಭಿಸುತ್ತಾರೆ. ಆಗ ಬೆಚ್ಚಿದವರು ಬಹಳ. ದೈತ್ಯ ಅನಿಲಗ್ರಹಗಳು ನಕ್ಷತ್ರದಿಂದ ದೂರದ ತಂಪಿನಲ್ಲೇ ಹುಟ್ಟಿ ಅಲ್ಲೇ ಇರುತ್ತವೆ ಎಂಬುದು ಎಲ್ಲರೂ ಒಪ್ಪಿದ್ದ ಮಾತು. ಆದರೆ ಖಗೋಳ ವಿಜ್ಞಾನಿ ಆಟೊ ಸ್ಟ್ರೂವೆ 1952ರಲ್ಲೇ ಒಂದು ಪುಟ್ಟ ಟಿಪ್ಪಣಿ ಬರೆದು, ಗುರುವಿನಂಥ ಗ್ರಹ ನಕ್ಷತ್ರದ ತೀರ ಸಮೀಪ ಇರಬಾರದೇಕೆ ಎಂದು ಕೇಳಿದ್ದರು. ಹುಡುಕುವ ಎರಡು ದಾರಿಗಳನ್ನೂ ಸೂಚಿಸಿದ್ದರು: ಗ್ರಹದ ಸೆಳೆತಕ್ಕೆ ನಕ್ಷತ್ರ ಓಲಾಡುವುದನ್ನು ಅಳೆಯುವುದು ಒಂದು, ಗ್ರಹ ಅಡ್ಡ ಬಂದಾಗ ಬೆಳಕು ಇಳಿಯುವುದನ್ನು ಅಳೆಯುವುದು ಇನ್ನೊಂದು. ಭಾರತದಲ್ಲಿ ಈ ಎರಡು ದಾರಿಗಳೂ ಗ್ರಹಶೋಧಕ್ಕೆಂದು ಕಟ್ಟಿದ್ದಲ್ಲದ ಸಂಸ್ಥೆಗಳ ಮೂಲಕ ಹಾದುಬಂದವು ಎಂಬುದು ನನ್ನ ವಾದ. ಮೊದಲ ದಾರಿಯ ಕವಲೊಂದು ಉಡುಪಿಗೂ ತಾಗುತ್ತದೆ.

ನಕ್ಷತ್ರಕ್ಕೆ ಯಾರ ಹೆಸರಿದೆಯೋ ಆ ಬಿಭಾ ಚೌಧುರಿ (1913–1991) ವಿಶ್ವಕಿರಣಗಳ ವಿಜ್ಞಾನಿ. ಕೋಲ್ಕತ್ತದಲ್ಲಿ ಡಿ. ಎಂ. ಬೋಸ್ ಜೊತೆ ಛಾಯಾಫಲಕಗಳಲ್ಲಿ ಮೆಸಾನ್ ಜಾಡುಗಳನ್ನು ಹುಡುಕಿದರು. ಮ್ಯಾಂಚೆಸ್ಟರ್‌ನಲ್ಲಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರ ಬಳಿ ಡಾಕ್ಟರೇಟ್ ಕೆಲಸ ಮಾಡಿ, ಮುಂಬಯಿಯ ಟಾಟಾ ಸಂಸ್ಥೆಗೂ ಬಳಿಕ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯಕ್ಕೂ, ಅಂದರೆ ಪಿಆರ್‌ಎಲ್‌ಗೂ, ಬಂದರು. ನಮ್ಮ ಕೋಲಾರದ ಚಿನ್ನದ ಗಣಿಯಾಳದಲ್ಲಿ ನಡೆದ ಪ್ರಯೋಗಗಳಲ್ಲೂ ಅವರ ಪಾಲಿತ್ತು. ಬದುಕಿದ್ದಾಗ ದೊಡ್ಡ ಮನ್ನಣೆ ಯಾವುದೂ ಸಿಗಲಿಲ್ಲ. ಹೆಸರಿಡುವ ಸ್ಪರ್ಧೆ ಅದನ್ನು ಸರಿಪಡಿಸಿತು ಎಂದು ಸಂಭ್ರಮಿಸುವುದು ನನಗಂತೂ ಸುಲಭವಲ್ಲ.

ಇದೇ ಪಿಆರ್‌ಎಲ್‌ನಲ್ಲಿ ವಿಕ್ರಂ ಸಾರಾಭಾಯಿ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ಮಾಡಿ 1960ರಲ್ಲಿ ಡಾಕ್ಟರೇಟ್ ಪಡೆದವರು ಉಡುಪಿ ರಾಮಚಂದ್ರ ರಾವ್. ಹುಟ್ಟಿದ್ದು 1932ರ ಮಾರ್ಚ್ 10ರಂದು, ಈಗಿನ ಕಾಪು ತಾಲೂಕಿನ ಅದಮಾರಿನಲ್ಲಿ. ಪ್ರೌಢಶಾಲೆ ಉಡುಪಿಯ ಕ್ರಿಶ್ಚಿಯನ್ ಹೈಸ್ಕೂಲು. ಆರ್ಯಭಟ ಉಪಗ್ರಹದ ರೂವಾರಿಯೆಂದು, ಇಸ್ರೊ ಅಧ್ಯಕ್ಷರೆಂದು ಅವರನ್ನು ನೆನೆಯುವ ನಾವು ಅವರ ಮೊದಲ ಕಸುಬು ವಿಶ್ವಕಿರಣಗಳ ಎಣಿಕೆ ಎಂಬುದನ್ನು ಮರೆಯುತ್ತೇವೆ. ಸಾರಾಭಾಯಿ ಬಳಗ ಬೆನ್ನು ಹತ್ತಿದ್ದು ಆ ಕಿರಣಗಳ ದೈನಂದಿನ ಏರಿಳಿತವನ್ನು. ಅದು ಸಾಮಾನ್ಯವಾಗಿ ಶೇಕಡಾ ಒಂದಕ್ಕೂ ಕಡಿಮೆ. ಸೂರ್ಯನಂಥ ನಕ್ಷತ್ರದ ಮುಂದೆ ಗುರುವಿನಂಥ ಗ್ರಹ ಹಾದರೆ ಬೆಳಕು ಇಳಿಯುವುದೂ ಶೇಕಡಾ ಒಂದರಷ್ಟೇ. ಇದರಿಂದ ವಂಶವೃಕ್ಷ ಬರೆಯಹೊರಟರೆ ಅತಿಯಾದೀತು, ಉಪಕರಣಗಳೇ ಬೇರೆ. ಆದರೆ ಸದ್ದುಗದ್ದಲದ ಅಂಕಿಗಳೊಳಗಿಂದ ಚಿಕ್ಕ ಬದಲಾವಣೆಯನ್ನು ಹೆಕ್ಕಿ ತೆಗೆಯುವ ಅಭ್ಯಾಸ ಆ ಮನೆಯಲ್ಲಿ ಮೊದಲಿನಿಂದ ಇತ್ತು.

ರಾವ್ 2017ರಲ್ಲಿ ತೀರಿಕೊಳ್ಳುವಾಗಲೂ ಪಿಆರ್‌ಎಲ್ ಆಡಳಿತ ಮಂಡಳಿಯ ಅಧ್ಯಕ್ಷರು. ಅಷ್ಟರಲ್ಲಿ ಮೌಂಟ್ ಅಬುವಿನ 1.2 ಮೀಟರ್ ದೂರದರ್ಶಕಕ್ಕೆ ನಕ್ಷತ್ರದ ಓಲಾಟವನ್ನು ಅಳೆಯುವ ‘ಪರಸ್’ ಎಂಬ ರೋಹಿತಲೇಖಿ ಜೋಡಣೆಯಾಗಿತ್ತು. ನಕ್ಷತ್ರದ ಬೆಳಕು ಬೆಳಕುತಂತುವಿನ ಮೂಲಕ ನಿರ್ವಾತ ಪೆಟ್ಟಿಗೆಯೊಂದಕ್ಕೆ ಇಳಿಯುತ್ತದೆ. ಪೆಟ್ಟಿಗೆಯ ಉಷ್ಣತೆ ಡಿಗ್ರಿಯ ನೂರನೇ ಒಂದು ಪಾಲಿಗಿಂತ ಹೆಚ್ಚು ಅಲುಗಕೂಡದು. ಅಲುಗಿದರೆ ಗಾಜು, ಲೋಹ ಹಿಗ್ಗಿ ರೋಹಿತದ ಗೆರೆಗಳು ಜರುಗಿ, ಇಲ್ಲದ ಗ್ರಹ ಇದ್ದಂತೆ ತೋರೀತು. ಪಕ್ಕದಲ್ಲೇ ಥೋರಿಯಂ–ಆರ್ಗಾನ್ ದೀಪದ ಗೆರೆಗಳು ಅಳತೆಗೋಲಿನಂತೆ ದಾಖಲಾಗುತ್ತವೆ. ಸಂತಮಸ ತನ್ನ ನಕ್ಷತ್ರವನ್ನು ಸೆಕೆಂಡಿಗೆ ಸುಮಾರು 200 ಮೀಟರ್ ವೇಗದಲ್ಲಿ ಓಲಾಡಿಸುತ್ತದೆ. ನಮ್ಮ ಗುರು ಸೂರ್ಯನನ್ನು ಓಲಾಡಿಸುವುದು 12–13 ಮೀಟರಿನಷ್ಟು ಮಾತ್ರ. ಬಿಸಿ ಗುರುಗಳೇ ಮೊದಲು ಕಣ್ಣಿಗೆ ಬಿದ್ದದ್ದು ಇದರಿಂದಲೇ ಹೊರತು ಅವು ಹೆಚ್ಚು ಸಂಖ್ಯೆಯಲ್ಲಿರುವುದರಿಂದಲ್ಲ.

ಅಭಿಜಿತ್ ಚಕ್ರವರ್ತಿ ನೇತೃತ್ವದ ಪರಸ್ ತಂಡ 2021ರಲ್ಲಿ ಪ್ರಕಟಿಸಿದ ಟಿಒಐ-1789 ಬಿ ಅಚ್ಚ ಬಿಸಿ ಗುರು. ಸುಳಿವು ಕೊಟ್ಟದ್ದು ಟೆಸ್ ಉಪಗ್ರಹ. ತೂಕ ಗುರುವಿನ ಶೇಕಡಾ 70, ಗಾತ್ರ 1.4 ಪಟ್ಟು, ಸುತ್ತು 3.2 ದಿನ. ಲೆಕ್ಕ ಹಾಕಿದರೆ ಸಾಂದ್ರತೆ ನೀರಿನ ಮೂರನೇ ಒಂದು ಪಾಲಿನ ಆಸುಪಾಸು. ಕುದಿಬಿಸಿಗೆ ಗ್ರಹ ಉಬ್ಬಿಕೊಂಡಿದೆ.

ಬೆಳಕಿನ ಇಳಿತದ ಎರಡನೆಯ ದಾರಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯದು. ಉಡುಪಿಯವರಿಗೆ ಇಂಥ ಮರೆಮಾಚುವಿಕೆ ಹೊಸತಲ್ಲ. ಸಂತಮಸಕ್ಕೆ ಹೆಸರು ಬಿದ್ದ ಒಂಬತ್ತನೇ ದಿನ, ಡಿಸೆಂಬರ್ 26ರಂದು, ಕಾಸರಗೋಡಿನ ಚೆರುವತ್ತೂರಿನಲ್ಲಿ ಕಂಕಣ ಗ್ರಹಣವಾದರೆ ಇಲ್ಲಿ ಸೂರ್ಯನ ಬಹುಪಾಲು ಮುಚ್ಚಿತ್ತು. ಅದಮಾರು ಮಠದ ವಿಬುಧೇಶತೀರ್ಥರು ಕಟ್ಟಿಸಿದ ಪೂರ್ಣಪ್ರಜ್ಞ ಕಾಲೇಜಿನ ಹವ್ಯಾಸಿ ಖಗೋಳ ಸಂಘ ಈ ಬಗೆಯ ವಿದ್ಯಮಾನಗಳನ್ನು ಊರಿನವರಿಗೆ ತೋರಿಸುತ್ತ ಬಂದಿದೆ. ಅದಮಾರು ಎಂಬ ಊರು ಇಲ್ಲಿ ಎರಡನೆಯ ಸಲ ಬಂದದ್ದು ಕಾಕತಾಳೀಯ.

1977ರ ಮಾರ್ಚ್ 10ರಂದು (ರಾವ್ ಅವರ 45ನೇ ಹುಟ್ಟುಹಬ್ಬ, ಇದೂ ಕಾಕತಾಳೀಯವೇ) ಯುರೇನಸ್ ಒಂದು ನಕ್ಷತ್ರವನ್ನು ಮರೆಮಾಡಲಿತ್ತು. ಖಭೌತ ಸಂಸ್ಥೆಯದೇ ಆದ ತಮಿಳುನಾಡಿನ ಕಾವಲೂರು ವೀಕ್ಷಣಾಲಯದಲ್ಲಿ ಜೆ. ಸಿ. ಭಟ್ಟಾಚಾರ್ಯ ಮತ್ತು ಕೆ. ಕುಪ್ಪುಸ್ವಾಮಿ ನಕ್ಷತ್ರದ ಬೆಳಕು ಅನಿರೀಕ್ಷಿತವಾಗಿ ತುಸುಹೊತ್ತು ಕುಸಿದದ್ದನ್ನು ದಾಖಲಿಸಿ, ಹೊಸ ಉಪಗ್ರಹವಿರಬಹುದೆಂದು ವರದಿ ಮಾಡಿದರು. ವಿಮಾನದಿಂದ ನೋಡಿದ್ದ ಅಮೆರಿಕದ ತಂಡದ ದಾಖಲೆಗಳೊಂದಿಗೆ ಹೋಲಿಸಿದಾಗ ಅದು ಯುರೇನಸ್ ಉಂಗುರವೆಂದು ತಿಳಿಯಿತು. ವ್ಯಾಖ್ಯಾನ ಬದಲಾಯಿತು, ಅಳತೆ ಉಳಿಯಿತು.

ಕಾವಲೂರಿನ 1.3 ಮೀಟರ್ ದೂರದರ್ಶಕಕ್ಕೆ ಈಗ ಅದೇ ಭಟ್ಟಾಚಾರ್ಯರ ಹೆಸರು. ಅದನ್ನೂ, ಹೊಸಕೋಟೆಯಿಂದ ನಿಯಂತ್ರಿಸುವ ಲಡಾಖಿನ ಹಾನ್ಲೆಯ 2 ಮೀಟರ್ ದೂರದರ್ಶಕವನ್ನೂ ಬಳಸಿ ಅರಿತ್ರ ಚಕ್ರವರ್ತಿ ಮತ್ತು ಸುಜನ್ ಸೇನ್‌ಗುಪ್ತ 2019ರಲ್ಲಿ ಐದು ಬಿಸಿ ಗುರುಗಳ ಅಳತೆಯನ್ನು ಪರಿಷ್ಕರಿಸಿದರು. ಅವುಗಳಲ್ಲಿ ವಾಸ್ಪ್-12 ಬಿ ಒಂದು. 26 ಗಂಟೆಯ ಅದರ ಸುತ್ತು ವರ್ಷಕ್ಕೆ ಸುಮಾರು 29 ಮಿಲಿಸೆಕೆಂಡಿನಂತೆ ಕಿರಿದಾಗುತ್ತಿದೆಯೆಂದು ಬೇರೆ ತಂಡಗಳು ಗ್ರಹ ನಕ್ಷತ್ರಕ್ಕೆ ಅಡ್ಡ ಬಂದ ದಶಕದ ಸಮಯಗಳನ್ನು ಸಾಲಾಗಿ ಇಟ್ಟು ಸಾಧಿಸಿವೆ. ಅಂಥ ಸಾಲಿಗೆ ಚಿಕ್ಕ ದೂರದರ್ಶಕಗಳ ಹಳೆಯ ಅಳತೆಗಳೂ ಬೇಕಾಗುತ್ತವೆ.